ಕುದುರೆ ಸವಾರಿ ಶಾಲೆಯ ಪರವಾನಗಿ

ಕುದುರೆ ಸವಾರಿ ಶಾಲೆಯ ಪರವಾನಗಿ ಎಂದರೆ ಕುದುರೆಗಳನ್ನು ಸಾಕಿ, ಶುಲ್ಕ ಪಡೆದು, ಸಾರ್ವಜನಿಕರಿಗೆ ಸವಾರಿ ಕಲಿಸುವ ಸಂಸ್ಥೆಯು ಕಾನೂನುಬದ್ಧವಾಗಿ ನಡೆಯಲು ಪಡೆಯಬೇಕಾದ ಅನುಮತಿ. ಬ್ರಿಟನ್ನಿನಲ್ಲಿ ಇದು ಸ್ಥಳೀಯ ಸಂಸ್ಥೆ ಕೊಡುವ ಒಂದೇ ಪತ್ರ. ಭಾರತದಲ್ಲಿ ಸವಾರಿ ಶಾಲೆಗೆಂದೇ ರೂಪಿಸಿದ ಇಂಥ ಪರವಾನಗಿ ಇಲ್ಲ. ಕರ್ನಾಟಕದಲ್ಲಿ ಜಮೀನು, ಕಟ್ಟಡ, ಉದ್ದಿಮೆ, ಪ್ರಾಣಿ ಕಲ್ಯಾಣ, ರೋಗ ನಿಯಂತ್ರಣ, ಕಾರ್ಮಿಕ ಮತ್ತು ತೆರಿಗೆ ಕಾನೂನುಗಳ ಕೆಳಗೆ ಬರುವ ಅನುಮತಿ, ನೋಂದಣಿ ಹಾಗೂ ಕರ್ತವ್ಯಗಳು ಒಟ್ಟುಗೂಡಿ ಆ ಸ್ಥಾನವನ್ನು ತುಂಬುತ್ತವೆ. ಈ ಲೇಖನವು ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಮತ್ತು ಸುತ್ತಲಿನ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡಿದೆ.

ಪರಿಭಾಷೆ

ಆಡುಮಾತಿನಲ್ಲಿ ಎಲ್ಲ ಕಾಗದಗಳಿಗೂ 'ಲೈಸೆನ್ಸ್' ಎಂಬ ಒಂದೇ ಹೆಸರಿದ್ದರೂ ಕಾನೂನಿನಲ್ಲಿ ನಾಲ್ಕು ಬೇರೆ ಪದಗಳಿವೆ.

ಪರವಾನಗಿ: ಇಲ್ಲದೆ ಕೆಲಸ ಆರಂಭಿಸುವಂತಿಲ್ಲದ ಅನುಮತಿ. ನಗರಸಭೆ ಅಥವಾ ಗ್ರಾಮ ಪಂಚಾಯಿತಿ ಕೊಡುವ ಉದ್ದಿಮೆ ಪರವಾನಗಿ ಈ ಬಗೆಯದು.

ನೋಂದಣಿ: ಸಂಸ್ಥೆ ಅಥವಾ ಪ್ರಾಣಿಯ ವಿವರವನ್ನು ಸರ್ಕಾರಿ ದಾಖಲೆಗೆ ಸೇರಿಸುವುದು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ನೋಂದಣಿ, ಪ್ರದರ್ಶನ ಪ್ರಾಣಿಗಳ ನೋಂದಣಿ ಇದಕ್ಕೆ ಉದಾಹರಣೆ.

ಪ್ರಮಾಣಪತ್ರ: ಪರೀಕ್ಷಿಸಿದ ಸಂಗತಿಯನ್ನು ಅಧಿಕೃತವಾಗಿ ದೃಢಪಡಿಸುವ ಪತ್ರ. ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಈ ವರ್ಗಕ್ಕೆ ಸೇರುತ್ತದೆ.

ಮಾನ್ಯತೆ: ಕ್ರೀಡಾ ಸಂಸ್ಥೆಯೊಂದು ತನ್ನ ಸ್ಪರ್ಧೆಗಳಿಗಾಗಿ ಕ್ಲಬ್ಬು, ಸವಾರ ಅಥವಾ ಕುದುರೆಯನ್ನು ಒಪ್ಪಿಕೊಳ್ಳುವುದು. ಇದು ಸರ್ಕಾರಿ ಪರವಾನಗಿಗೆ ಬದಲಿಯಾಗುವುದಿಲ್ಲ.

ಹಿನ್ನೆಲೆ

ಕರ್ನಾಟಕದಲ್ಲಿ ಸವಾರಿ ವಿದ್ಯೆಯ ಲಿಖಿತ ದಾಖಲೆ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ 12ನೇ ಶತಮಾನದ ಸಂಸ್ಕೃತ ಕೃತಿ 'ಮಾನಸೋಲ್ಲಾಸ'ದಲ್ಲಿ ಕುದುರೆಯ ಲಕ್ಷಣ, ಪಳಗಿಸುವ ಕ್ರಮ ಮತ್ತು ಕುದುರೆಯ ಮೇಲೆ ಕುಳಿತು ಚೆಂಡಾಡುವ ವಿನೋದದ ವಿವರಗಳಿವೆ. ಆ ಕಾಲದಲ್ಲಿ ಸವಾರಿ ಕಲಿಕೆ ಅರಮನೆ ಮತ್ತು ಸೇನೆಯ ಒಳಗಿನ ವ್ಯವಸ್ಥೆಯಾಗಿತ್ತು. ಶುಲ್ಕ ಕೊಟ್ಟು ಕಲಿಯುವ ಶಾಲೆ ಆಧುನಿಕ ಕಾಲದ್ದು.

ನಿಪ್ಪಾಣಿಯ ಚರಿತ್ರೆಯೂ ಅಶ್ವದಳದೊಂದಿಗೆ ಹೆಣೆದುಕೊಂಡಿದೆ. ಪೇಶ್ವೆಗಳ ಕಾಲದಲ್ಲಿ ಇಲ್ಲಿ ಆಳಿದ ಸಿದ್ಧೋಜಿರಾವ್ ನಿಂಬಾಳ್ಕರ್, ಅಂದರೆ ಅಪ್ಪಾ ದೇಸಾಯಿ, 'ಸರಲಷ್ಕರ್' ಎಂಬ ಸೇನಾ ಪದವಿಯನ್ನು ಪಡೆದಿದ್ದ ಸರದಾರ. ಅವನ ವಾಡೆ ಊರಿನಲ್ಲಿದೆ. ಚಿಕ್ಕೋಡಿ ತಾಲ್ಲೂಕಿನ ಅಂಕಲಿಯ ಶಿತೋಳೆ ಮನೆತನದ ಎರಡು ಕುದುರೆಗಳು ಪ್ರತಿ ವರ್ಷ ಸಂತ ಜ್ಞಾನೇಶ್ವರರ ಪಾಲಕಿ ಸೇವೆಗಾಗಿ ಕಾಲ್ನಡಿಗೆಯಲ್ಲಿ ಆಳಂದಿಗೆ ಹೋಗುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದು 'ಮಾವುಲಿಯ ಕುದುರೆ', ಅಂದರೆ ಜ್ಞಾನೇಶ್ವರರ ಕುದುರೆ. ಅದರ ಬೆನ್ನ ಮೇಲೆ ಯಾರೂ ಕೂರುವುದಿಲ್ಲ.

ಕುದುರೆಗೆ ಸಂಬಂಧಿಸಿದ ಆಧುನಿಕ ಕಾನೂನುಗಳು ಬ್ರಿಟಿಷರ ಕಾಲದಲ್ಲಿ ಬಂದವು. ಬಾಡಿಗೆ ಗಾಡಿಗಳ ಕಾಯ್ದೆ (1879), ಪ್ರಾಣಿ ಹಿಂಸೆ ತಡೆ ಕಾಯ್ದೆ (1890), ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯ್ದೆ (1899), ಡೌರೀನ್ ಕಾಯ್ದೆ (1910) ಇವುಗಳಲ್ಲಿ ಮುಖ್ಯವಾದವು. ಇವೆಲ್ಲ ಟಾಂಗಾ, ಸೇನೆ ಮತ್ತು ರೋಗವನ್ನು ಗಮನದಲ್ಲಿಟ್ಟುಕೊಂಡವು. ಸವಾರಿ ಕಲಿಸುವ ವೃತ್ತಿಯನ್ನು ಪ್ರತ್ಯೇಕವಾಗಿ ಹೆಸರಿಸಲಿಲ್ಲ. ಮುಂಬಯಿ ರಾಜ್ಯದಲ್ಲಿದ್ದ ನಿಪ್ಪಾಣಿ ಪ್ರದೇಶವು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಬಳಿಕ ಭೂ ಕಂದಾಯ, ಪುರಸಭೆ ಮತ್ತು ಪಂಚಾಯಿತಿಗೆ ರಾಜ್ಯದ ಕಾಯ್ದೆಗಳು ಅನ್ವಯವಾದವು.

ಬ್ರಿಟನ್ನಿನ ಮಾದರಿ

ಸವಾರಿ ಶಾಲೆಗೆ ಪ್ರತ್ಯೇಕ ಪರವಾನಗಿ ಇರುವ ವ್ಯವಸ್ಥೆಗೆ ಬ್ರಿಟನ್ ಪ್ರಮುಖ ಉದಾಹರಣೆ. ಅಲ್ಲಿ ಸವಾರಿ ಸಂಸ್ಥೆಗಳ ಮೊದಲ ಕಾಯ್ದೆ 1939ರಲ್ಲಿ ಬಂತು. ಅದರ ಸ್ಥಾನಕ್ಕೆ 1964ರ ಕಾಯ್ದೆ ಬಂದು, 1970ರಲ್ಲಿ ತಿದ್ದುಪಡಿಯಾಯಿತು. ಈ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಯು ಪಶುವೈದ್ಯರಿಂದ ತಪಾಸಣೆ ಮಾಡಿಸಿ ಪರವಾನಗಿ ಕೊಡುತ್ತದೆ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. 16 ವರ್ಷದೊಳಗಿನವರ ಕೈಗೆ ಶಾಲೆಯ ಉಸ್ತುವಾರಿ ಒಪ್ಪಿಸುವಂತಿಲ್ಲ. 3 ವರ್ಷ ಮತ್ತು ಅದಕ್ಕಿಂತ ಚಿಕ್ಕ ಕುದುರೆ, ತುಂಬು ಗಬ್ಬದ ಹೆಣ್ಣು ಕುದುರೆ, ಮರಿ ಹಾಕಿ 3 ತಿಂಗಳಾಗದ ಕುದುರೆ ಇವುಗಳನ್ನು ಸವಾರಿಗೆ ಬಳಸುವುದು ನಿಷಿದ್ಧ. ಸವಾರರಿಗೆ ಆಗುವ ಅಪಾಯಕ್ಕೆ ವಿಮೆ ಕಡ್ಡಾಯ. ಇಂಗ್ಲೆಂಡಿನಲ್ಲಿ 2018ರ ಅಕ್ಟೋಬರ್ 1ರಿಂದ ಪ್ರಾಣಿ ಸಂಬಂಧಿ ಉದ್ದಿಮೆಗಳ ಹೊಸ ನಿಯಮಾವಳಿ ಈ ಕಾಯ್ದೆಯ ಸ್ಥಾನದಲ್ಲಿ ಬಂದಿದ್ದು, ಪರವಾನಗಿಯ ಅವಧಿ ಗರಿಷ್ಠ 3 ವರ್ಷದವರೆಗೆ ಇರಬಹುದು.

ಕುದುರೆ ಉದ್ದಿಮೆಗಳ ವಿಧಗಳು

ಅನುಮತಿಯ ಸ್ವರೂಪವು ಕುದುರೆಯನ್ನು ಯಾವುದಕ್ಕೆ ಬಳಸಲಾಗುತ್ತದೆ ಎಂಬುದನ್ನು ಅವಲಂಬಿಸುತ್ತದೆ.

ಸವಾರಿ ಶಾಲೆ: ತರಬೇತುದಾರರ ಕೈಕೆಳಗೆ, ಆವರಣದ ಒಳಗೆ, ಕ್ರಮಬದ್ಧ ಪಾಠ ನಡೆಯುವ ಸಂಸ್ಥೆ.

ವಿಹಾರ ಸವಾರಿ: ಪ್ರವಾಸಿ ತಾಣ ಅಥವಾ ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸುವುದು. ಜಾಗದ ಒಡೆತನ ಹೊಂದಿದ ಸಂಸ್ಥೆಯ ಅನುಮತಿ ಬೇಕು.

ಲಾಯ ಸೇವೆ: ಬೇರೆಯವರ ಕುದುರೆಗಳನ್ನು ತಿಂಗಳ ಲೆಕ್ಕದಲ್ಲಿ ಇಟ್ಟುಕೊಂಡು ಸಾಕುವುದು.

ತಳಿ ಸಂವರ್ಧನೆ: ಮರಿ ಮಾಡಿಸಿ ಮಾರುವುದು. ಕರ್ನಾಟಕ ಭೂ ಸುಧಾರಣಾ ಕಾಯ್ದೆ 1961ರ 'ಕೃಷಿ' ವ್ಯಾಖ್ಯೆಯಲ್ಲಿ ಜಾನುವಾರು ತಳಿ ಸಂವರ್ಧನೆ ಸೇರಿದೆ. ಶುಲ್ಕ ಪಡೆದು ಸವಾರಿ ಕಲಿಸುವುದನ್ನು ಆ ವ್ಯಾಖ್ಯೆ ಹೆಸರಿಸಿಲ್ಲ.

ಓಟದ ಮೈದಾನ: ಬಾಜಿ ಕಟ್ಟುವ ಕುದುರೆ ರೇಸಿಗೆ ಮೈಸೂರು ರೇಸ್ ಕೋರ್ಸುಗಳ ಲೈಸೆನ್ಸಿಂಗ್ ಕಾಯ್ದೆ 1952ರ ಪರವಾನಗಿ ಬೇಕು. ಸವಾರಿ ಶಾಲೆಯ ಯಾವ ಪತ್ರವೂ ಈ ಹಕ್ಕನ್ನು ಕೊಡುವುದಿಲ್ಲ.

ನಿಪ್ಪಾಣಿ, ಚಿಕ್ಕೋಡಿ ಭಾಗದ ಜಾತ್ರೆಗಳಲ್ಲಿ ನಡೆಯುವ ಗಾಡಿ 'ಶರ್ಯತ್ತು' ಇವೆಲ್ಲಕ್ಕಿಂತ ಬೇರೆ. ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ಕರ್ನಾಟಕವು 2017ರಲ್ಲಿ ತಂದ ತಿದ್ದುಪಡಿ ಕಂಬಳ, ಎತ್ತಿನ ಓಟ ಮತ್ತು ಎತ್ತಿನ ಗಾಡಿ ಓಟಕ್ಕೆ ಸಂಬಂಧಿಸಿದ್ದು. ಅದನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿಯಿತು. ಕುದುರೆ ಗಾಡಿಯ ಓಟ ಆ ವಿನಾಯಿತಿಯೊಳಗೆ ಇಲ್ಲ.

ಜಮೀನು ಮತ್ತು ಕಟ್ಟಡ

ನಿಪ್ಪಾಣಿ ಭಾಗದಲ್ಲಿ ಪಹಣಿಗೆ 'ಉತಾರ' ಎಂದೂ, ಕೃಷಿ ಜಮೀನನ್ನು ಕೃಷಿಯೇತರ ಉಪಯೋಗಕ್ಕೆ ಬದಲಾಯಿಸುವುದಕ್ಕೆ 'ಎನ್.ಎ.' ಎಂದೂ ಕರೆಯುವುದು ರೂಢಿ. ಉತಾರದಲ್ಲಿ ಕೃಷಿ ಎಂದಿರುವ ಹೊಲದಲ್ಲಿ ಸವಾರಿ ಶಾಲೆ ನಡೆಸಬೇಕಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ 95ನೇ ಕಲಮಿನಂತೆ ಭೂ ಪರಿವರ್ತನೆ ಆಗಬೇಕು. ಆದೇಶ ಕೊಡುವ ಅಧಿಕಾರ ಜಿಲ್ಲಾಧಿಕಾರಿಯದು. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಬಳಸುವುದಾದರೆ ಭೂಮಾಪನ ಇಲಾಖೆಯ 11ಇ ನಕ್ಷೆ ಬೇಕು.

ಭೂ ಸುಧಾರಣಾ ಕಾಯ್ದೆಯು ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಆದ್ದರಿಂದ ಊರಿನ ರೂಢಿಯ 'ಲಾವಣಿ' ಮೇಲೆ ಹೊಲ ಹಿಡಿದು ಶಾಲೆ ತೆರೆದರೆ ಆ ಒಪ್ಪಂದಕ್ಕೆ ಕಾನೂನಿನ ಬಲ ಇರುವುದಿಲ್ಲ. ಪರಿವರ್ತನೆಯಾದ ಜಾಗವನ್ನು ನೋಂದಾಯಿತ ಬಾಡಿಗೆ ಕರಾರಿನ ಮೇಲೆ ಪಡೆಯಬಹುದು.

ಜಾಗದ ಅಳತೆಯನ್ನು ಸವಾರಿ ಅಂಗಳದಿಂದ ಲೆಕ್ಕ ಹಾಕುತ್ತಾರೆ. ಡ್ರೆಸಾಜ್ ಕ್ರೀಡೆಯ ಚಿಕ್ಕ ಅಂಗಳ 20 ಮೀಟರ್ ಅಗಲ, 40 ಮೀಟರ್ ಉದ್ದ ಇರುತ್ತದೆ. ಇದು ಸುಮಾರು 8 ಗುಂಟೆ. 60 ಮೀಟರ್ ಉದ್ದದ ದೊಡ್ಡ ಅಂಗಳಕ್ಕೆ ಸುಮಾರು 12 ಗುಂಟೆ ಬೇಕು. ಲಾಯದಲ್ಲಿ ಒಂದು ಕುದುರೆಗೆ 12 ಅಡಿ ಉದ್ದ, 12 ಅಡಿ ಅಗಲದ ಕೋಣೆ ರೂಢಿಯ ಪ್ರಮಾಣ. ಎರೆ ಮಣ್ಣಿನ ಹೊಲ ಮಳೆಗಾಲದಲ್ಲಿ ಜಿಗುಟಾಗಿ ಗೊರಸನ್ನು ಹಿಡಿದುಕೊಳ್ಳುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಇಂಥ ನೆಲದ ಮೇಲೆ ಜಲ್ಲಿ ಹಾಸಿ, ನೀರು ಹರಿದುಹೋಗಲು ಇಳಿಜಾರು ಕೊಟ್ಟು, ಮೇಲೆ ಮರಳಿನ ಪದರ ಹಾಕಿ ಅಂಗಳ ಸಿದ್ಧಪಡಿಸಬೇಕಾಗುತ್ತದೆ.

ನಗರ ಮಿತಿಯೊಳಗೆ ಕಟ್ಟಡದ ಅನುಮತಿಯನ್ನು ನಗರಸಭೆಯೂ ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯೂ ಕೊಡುತ್ತವೆ. ವಿದ್ಯುತ್ತಿಗೆ ಹೆಸ್ಕಾಂನಿಂದ ವಾಣಿಜ್ಯ ಸಂಪರ್ಕ ಪಡೆಯಬೇಕು.

ಉದ್ದಿಮೆ ಪರವಾನಗಿ

ಸವಾರಿ ಶಾಲೆಯ ಮಟ್ಟಿಗೆ 'ಪರವಾನಗಿ' ಎಂಬ ಪದ ನೇರವಾಗಿ ಹೊಂದುವುದು ಈ ಪತ್ರಕ್ಕೆ. ನಿಪ್ಪಾಣಿ ನಗರದಲ್ಲಿ ಕರ್ನಾಟಕ ಪುರಸಭೆಗಳ ಕಾಯ್ದೆ 1964ರಂತೆ ನಗರಸಭೆಯೂ, ಹಳ್ಳಿಗಳಲ್ಲಿ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ 1993ರಂತೆ ಗ್ರಾಮ ಪಂಚಾಯಿತಿಯೂ ಇದನ್ನು ಕೊಡುತ್ತವೆ. ಇಲ್ಲಿ ಪರಿಶೀಲನೆಗೆ ಬರುವ ವಿಷಯಗಳು ಮುಖ್ಯವಾಗಿ ನೈರ್ಮಲ್ಯಕ್ಕೆ ಸಂಬಂಧಿಸಿದವು: ಅಕ್ಕಪಕ್ಕದ ಮನೆಗಳಿಂದ ಇರುವ ಅಂತರ, ನೀರಿನ ಮೂಲ, ಚರಂಡಿ, ನೊಣಗಳ ನಿಯಂತ್ರಣ, ಲದ್ದಿಯ ವಿಲೇವಾರಿ. ದೊಡ್ಡ ಕುದುರೆಯೊಂದರ ಲದ್ದಿ ಮತ್ತು ಮೂತ್ರ ಸೇರಿ ದಿನಕ್ಕೆ 20 ಕಿಲೊಗೂ ಹೆಚ್ಚಾಗುವುದರಿಂದ, ಬಾವಿ ಮತ್ತು ಹಳ್ಳದಿಂದ ದೂರದಲ್ಲಿ ಗೊಬ್ಬರದ ಗುಂಡಿ ಇರಬೇಕಾಗುತ್ತದೆ. ಪರವಾನಗಿಯನ್ನು ಅವಧಿ ಮುಗಿಯುವ ಮುನ್ನ ನವೀಕರಿಸಬೇಕು.

ಪ್ರಾಣಿ ಕಲ್ಯಾಣ

ಪ್ರಾಣಿ ಹಿಂಸೆ ತಡೆ ಕಾಯ್ದೆ 1960 ಮೂಲ ಕಾನೂನು. ಕುದುರೆ ಸಾಕುವವನ ಕರ್ತವ್ಯವನ್ನು 3ನೇ ಕಲಮು ಹೇಳುತ್ತದೆ. 11ನೇ ಕಲಮು ಹಿಂಸೆ ಎನಿಸುವ ಕೃತ್ಯಗಳನ್ನು ಪಟ್ಟಿ ಮಾಡುತ್ತದೆ. ರೋಗ, ಗಾಯ ಅಥವಾ ವಯಸ್ಸಿನಿಂದ ಕೆಲಸಕ್ಕೆ ಯೋಗ್ಯವಲ್ಲದ ಪ್ರಾಣಿಯಿಂದ ಕೆಲಸ ಮಾಡಿಸುವುದು ಅವುಗಳಲ್ಲೊಂದು. ಈ ಕಲಮಿನಡಿ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ ದಂಡವಿದೆ. ಪ್ರಾಣಿಯನ್ನು ಕೊಲ್ಲುವ ಅಥವಾ ಅಂಗಹೀನಗೊಳಿಸುವ ಕೃತ್ಯಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಲ್ಲಿ 5 ವರ್ಷದವರೆಗೆ ಸೆರೆವಾಸವಿದೆ.

ಕಾಯ್ದೆಯ ಕೆಳಗಿನ ಈ ನಿಯಮಗಳು ಸವಾರಿ ಶಾಲೆಗೆ ತಾಗುತ್ತವೆ.

ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮ 2001: ಸಾರ್ವಜನಿಕರಿಗೆ ಪ್ರವೇಶವಿರುವ ಮನರಂಜನೆ, ಸಿನಿಮಾ ಅಥವಾ ಕುದುರೆ ಸ್ಪರ್ಧೆಯಲ್ಲಿ ಬಳಸುವ ಪ್ರಾಣಿಗಳಿಗೆ ನೋಂದಣಿ ಬೇಕು. ಪ್ರೇಕ್ಷಕರನ್ನು ಸೇರಿಸಿ ಕಸರತ್ತು ತೋರಿಸುವ, ಚಿತ್ರೀಕರಣಕ್ಕೆ ಕುದುರೆ ಕಳಿಸುವ ಶಾಲೆ ಇದರ ವ್ಯಾಪ್ತಿಗೆ ಬರುತ್ತದೆ.

ಲಾಳಗಾರರ ಪರವಾನಗಿ ನಿಯಮ 1965: ಲಾಳ ಕಟ್ಟುವ ವೃತ್ತಿ ಮಾಡುವವರಿಗೆ ಸ್ಥಳೀಯ ಸಂಸ್ಥೆಯ ಪರವಾನಗಿ ಇರಬೇಕು. ಗಡಿ ಭಾಗದಲ್ಲಿ ಇವರನ್ನು 'ನಾಲಬಂದ' ಎನ್ನುತ್ತಾರೆ.

ಎಳೆಯುವ ಮತ್ತು ಹೇರು ಹೊರುವ ಪ್ರಾಣಿಗಳ ನಿಯಮ 1965: ಗಾಡಿ ಅಥವಾ ಹೇರಿಗೆ ಬಳಸುವ ಪ್ರಾಣಿಯಿಂದ ದಿನಕ್ಕೆ 9 ಗಂಟೆಗಿಂತ ಹೆಚ್ಚು, ವಿಶ್ರಾಂತಿಯಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರಿದ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸ ನಿಷಿದ್ಧ. ಶಾಲೆಯಲ್ಲಿ ಗಾಡಿಯೂ ಇದ್ದರೆ ಈ ನಿಯಮ ಅನ್ವಯಿಸುತ್ತದೆ.

ಪ್ರಾಣಿ ಸಾಗಣೆ ನಿಯಮ 1978: ವಾಹನದಲ್ಲಿ ಕುದುರೆ ಒಯ್ಯುವಾಗ ಅದು ಪ್ರಯಾಣಕ್ಕೆ ಯೋಗ್ಯವಾಗಿದೆ, ಸಾಂಕ್ರಾಮಿಕ ರೋಗವಿಲ್ಲ ಎಂಬ ಪಶುವೈದ್ಯರ ಪ್ರಮಾಣಪತ್ರ ಬೇಕು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಹೋಗುವ ಕುದುರೆಯು ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಕೊಗನೊಳಿ ದಾಟಿ ಮಹಾರಾಷ್ಟ್ರದ ಕಾಗಲ್ ಪ್ರವೇಶಿಸುವುದರಿಂದ, ಇದು ಈ ಭಾಗದ ಶಾಲೆಗೆ ಮೇಲಿಂದ ಮೇಲೆ ಬೇಕಾಗುವ ಪತ್ರ.

ರೋಗ ನಿಯಂತ್ರಣ

ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಕಾಯ್ದೆ 2009 ಬಂದಾಗ 1899 ಮತ್ತು 1910ರ ಹಳೆಯ ಕಾಯ್ದೆಗಳು ರದ್ದಾದವು. ಕುದುರೆಗಳ ಮಟ್ಟಿಗೆ ಇದರಲ್ಲಿ ಮುಖ್ಯವಾದದ್ದು ಗ್ಲ್ಯಾಂಡರ್ಸ್. ಬರ್ಕೋಲ್ಡೇರಿಯಾ ಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಈ ರೋಗ ಕುದುರೆ, ಕತ್ತೆ, ಹೇಸರಗತ್ತೆಗಳಿಂದ ಮನುಷ್ಯರಿಗೂ ಹರಡಬಲ್ಲದು. ಮೂಗಿನಿಂದ ಅಂಟಾದ ಸೋರಿಕೆ, ಚರ್ಮದ ಮೇಲೆ ಸಾಲಾಗಿ ಏಳುವ ಗಂಟು ಮತ್ತು ಹುಣ್ಣು ಇದರ ಲಕ್ಷಣಗಳು. ಲಸಿಕೆ ಇಲ್ಲ. ಸೋಂಕು ದೃಢಪಟ್ಟ ಪ್ರಾಣಿಗೆ ದಯಾಮರಣ ಕೊಟ್ಟು, ಸುತ್ತಲಿನ ಪ್ರದೇಶದ ಕುದುರೆಗಳ ಓಡಾಟವನ್ನು ನಿರ್ಬಂಧಿಸಲಾಗುತ್ತದೆ. ಅನುಮಾನ ಬಂದೊಡನೆ ತಿಳಿಸುವುದು ಮಾಲೀಕನ ಕಾನೂನುಬದ್ಧ ಕರ್ತವ್ಯ. ರಕ್ತದ ಮಾದರಿಯ ಅಂತಿಮ ಪರೀಕ್ಷೆ ಹರಿಯಾಣದ ಹಿಸಾರಿನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದಲ್ಲಿ ನಡೆಯುತ್ತದೆ.

ಪಶುವೈದ್ಯ ತಪಾಸಣೆ

ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಪಶುವೈದ್ಯ ಪರಿಷತ್ತಿನಲ್ಲಿ ನೋಂದಾಯಿತರಾಗಿರಬೇಕು. ತಪಾಸಣೆಗೆ ಗೊತ್ತಾದ ಕ್ರಮವಿದೆ. ಜೀನು ಕಳಚಿ, ಬೆನ್ನಿನ ಏಣು ಮತ್ತು ಹೊಟ್ಟೆಪಟ್ಟಿ ಕಟ್ಟುವ ಜಾಗದ ಮೇಲೆ ಅಂಗೈ ಆಡಿಸಿ ಜೀನುಹುಣ್ಣು ಇದೆಯೇ ಎಂದು ನೋಡುತ್ತಾರೆ. ತುಟಿ ಎತ್ತಿ ಹಲ್ಲಿನ ಸವೆತದಿಂದ ವಯಸ್ಸು ಅಂದಾಜಿಸುತ್ತಾರೆ. ಕಡಿವಾಣ ಉಜ್ಜಿ ಬಾಯಿಯ ಮೂಲೆ ಒಡೆದಿದೆಯೇ ಎಂದೂ ಆಗಲೇ ಗೊತ್ತಾಗುತ್ತದೆ. ನಾಲ್ಕೂ ಕಾಲು ಎತ್ತಿಸಿ ಗೊರಸು ಮತ್ತು ಲಾಳ ಪರೀಕ್ಷಿಸುತ್ತಾರೆ. ಬಳಿಕ ಗಟ್ಟಿ ನೆಲದ ಮೇಲೆ ಸಾಯಿಸನು, ಅಂದರೆ ಲಾಯದ ಆಳು, ಕುದುರೆಯನ್ನು ಮೊದಲು ನಡೆಸುತ್ತಾನೆ, ಆಮೇಲೆ ದುಡಕಿಯಲ್ಲಿ ಓಡಿಸುತ್ತಾನೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ನೆಲಕ್ಕೆ ಊರಿದಾಗ ತಲೆ ಮೇಲೇಳುತ್ತದೆ. ಕೊನೆಗೆ ಕತ್ತಿನ ರಕ್ತನಾಳದಿಂದ ಮಾದರಿ ತೆಗೆಯುತ್ತಾರೆ.

ಗುರುತಿನ ದಾಖಲೆಯಲ್ಲಿ ಬಣ್ಣ, ಹಣೆಯ ಬಿಳಿ ಚಿಹ್ನೆ, ಕಾಲಿನ ಬಿಳುಪು ಮತ್ತು ಸುಳಿಗಳನ್ನು ಬರೆಯುತ್ತಾರೆ. ಕುದುರೆ ಕೊಳ್ಳುವವರು ಶುಭಾಶುಭ ನೋಡಲು ಬಳಸುವ ಅದೇ ಸುಳಿ ಅಂತರರಾಷ್ಟ್ರೀಯ ಕುದುರೆ ಪಾಸ್‌ಪೋರ್ಟಿನ ರೇಖಾಚಿತ್ರದಲ್ಲಿ ಗುಣಾಕಾರ ಚಿಹ್ನೆಯಾಗಿ ದಾಖಲಾಗುತ್ತದೆ. ಅಲ್ಲಿ ಅದಕ್ಕೆ ಗುರುತಿನ ಬೆಲೆ ಮಾತ್ರ.

ಅರ್ಜಿಯ ಕ್ರಮ

ಅನುಮತಿಗಳು ಒಂದನ್ನೊಂದು ಅವಲಂಬಿಸಿರುವುದರಿಂದ ಸಾಮಾನ್ಯವಾಗಿ ಈ ಕ್ರಮದಲ್ಲಿ ಸಾಗುತ್ತವೆ.

1. ಜಮೀನಿನ ಉತಾರ, ನಕ್ಷೆ ಮತ್ತು ಒಡೆತನದ ಪರಿಶೀಲನೆ. ಭೂ ಪರಿವರ್ತನೆಗೆ ಅರ್ಜಿ.

2. ನಗರಸಭೆ ಅಥವಾ ಪಂಚಾಯಿತಿಯಲ್ಲಿ ಆಸ್ತಿಯ ಖಾತೆ. ಹಳ್ಳಿಯಲ್ಲಾದರೆ ಇ-ಸ್ವತ್ತು ದಾಖಲೆ. ಆಮೇಲೆ ಕಟ್ಟಡದ ಅನುಮತಿ.

3. ಸಂಸ್ಥೆಯ ಸ್ವರೂಪದ ತೀರ್ಮಾನ: ಒಬ್ಬರ ಒಡೆತನ, ಪಾಲುದಾರಿಕೆ, ಟ್ರಸ್ಟ್ ಅಥವಾ ಕಂಪನಿ. ಪ್ಯಾನ್ ಮತ್ತು ಬ್ಯಾಂಕ್ ಖಾತೆ ಅದೇ ಹೆಸರಿನಲ್ಲಿರಬೇಕು.

4. ಉದ್ದಿಮೆ ಪರವಾನಗಿಗೆ ಅರ್ಜಿ. ಜಾಗದ ದಾಖಲೆ, ತೆರಿಗೆ ರಸೀದಿ, ಅರ್ಜಿದಾರರ ಗುರುತಿನ ಚೀಟಿ ಲಗತ್ತಾಗುತ್ತವೆ.

5. ಕುದುರೆಗಳ ಖರೀದಿ ಪತ್ರ, ಗುರುತಿನ ದಾಖಲೆ, ರಕ್ತ ಪರೀಕ್ಷೆಯ ವರದಿ, ಆರೋಗ್ಯ ಪ್ರಮಾಣಪತ್ರ.

6. ಕೆಲಸ ಆರಂಭವಾದ 30 ದಿನಗಳೊಳಗೆ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ ನೋಂದಣಿ.

7. ಸೇವಾ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ. ನೋಂದಾಯಿತ ಧರ್ಮಾರ್ಥ ಸಂಸ್ಥೆ ಕೊಡುವ ಕ್ರೀಡಾ ತರಬೇತಿಗೆ ವಿನಾಯಿತಿ ಇದೆ.

ಹಲವು ಅರ್ಜಿಗಳಿಗೆ ಕರ್ನಾಟಕ ಸಕಾಲ ಸೇವೆಗಳ ಕಾಯ್ದೆ 2011ರಂತೆ ಕಾಲಮಿತಿಯಿದೆ. ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿ ಸಾಲ ಮತ್ತು ಸರ್ಕಾರಿ ಯೋಜನೆಗಳಿಗೆ ಉಪಯುಕ್ತವಾದರೂ ಅದು ಪರವಾನಗಿ ಅಲ್ಲ.

ಸುರಕ್ಷತೆ ಮತ್ತು ಹೊಣೆ

ಸವಾರನಿಗೆ ಗದ್ದಪಟ್ಟಿಯಿರುವ ಸವಾರಿ ಹೆಲ್ಮೆಟ್ ಮತ್ತು ಹಿಮ್ಮಡಿಯಿರುವ ಬೂಟು ಬೇಕು. ಹಿಮ್ಮಡಿ ಇಲ್ಲದಿದ್ದರೆ ಪಾದ ರಿಕಾಪಿನೊಳಗೆ ಜಾರಿ ಸಿಕ್ಕಿಕೊಳ್ಳುವ ಅಪಾಯವಿದೆ. ಸವಾರ ಮತ್ತು ಜೀನಿನ ಒಟ್ಟು ಭಾರ ಕುದುರೆಯ ತೂಕದ ಶೇ 20 ಮೀರಬಾರದು ಎಂಬುದು ವ್ಯಾಪಕವಾಗಿ ಪಾಲಿಸುವ ಮಿತಿ. 350 ಕಿಲೊ ತೂಗುವ ಕುದುರೆಗೆ ಇದು 70 ಕಿಲೊ ಆಗುತ್ತದೆ. ಗೊರಸು ಕತ್ತರಿಸಿ ಲಾಳ ಬದಲಿಸುವ ಅವಧಿ ಸಾಮಾನ್ಯವಾಗಿ 6ರಿಂದ 8 ವಾರ. ಧನುರ್ವಾಯು ಲಸಿಕೆ ಮತ್ತು ಜಂತುನಾಶಕದ ದಿನಾಂಕಗಳನ್ನು ಪ್ರತಿ ಕುದುರೆಯ ಪುಸ್ತಕದಲ್ಲಿ ಬರೆದಿಡಲಾಗುತ್ತದೆ.

ಶುಲ್ಕ ಪಡೆದು ಕೊಡುವ ತರಬೇತಿ 'ಸೇವೆ' ಆದ್ದರಿಂದ ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಅನ್ವಯಿಸುತ್ತದೆ. ಪಾಲಕರಿಂದ ಬರೆಸಿಕೊಂಡ ಒಪ್ಪಿಗೆ ಪತ್ರ ಶಾಲೆಯ ನಿರ್ಲಕ್ಷ್ಯದ ಹೊಣೆಯನ್ನು ಅಳಿಸುವುದಿಲ್ಲ. ಕುದುರೆಯ ಜೀವವಿಮೆ, ಮೂರನೆಯವರ ಹಾನಿಯ ವಿಮೆ ಮತ್ತು ಸವಾರರ ಅಪಘಾತ ವಿಮೆ ಮೂರೂ ಬೇರೆ ಬೇರೆ ಪಾಲಿಸಿಗಳು. ಲಾಯದ ಕೆಲಸಕ್ಕೆ 14 ವರ್ಷದೊಳಗಿನ ಮಕ್ಕಳನ್ನು ನೇಮಿಸುವುದು ಅಪರಾಧ.

ಕ್ರೀಡಾ ಮಾನ್ಯತೆ

ಕುದುರೆ ಕ್ರೀಡೆಗಳ ಅಂತರರಾಷ್ಟ್ರೀಯ ಒಕ್ಕೂಟ 1921ರಲ್ಲಿ ಸ್ಥಾಪನೆಯಾಯಿತು. ಭಾರತೀಯ ಕುದುರೆ ಸವಾರಿ ಒಕ್ಕೂಟ 1967ರಿಂದ ಇದೆ. ರಾಷ್ಟ್ರೀಯ ಸ್ಪರ್ಧೆಗೆ ವಿದ್ಯಾರ್ಥಿಗಳನ್ನು ಕಳಿಸುವ ಶಾಲೆಯು ಇದರೊಂದಿಗೆ ಸೇರ್ಪಡೆಯಾಗಿ, ಸವಾರ ಮತ್ತು ಕುದುರೆಗಳನ್ನು ನೋಂದಾಯಿಸಬೇಕು. ಕರ್ನಾಟಕದಲ್ಲಿ ಸವಾರಿ ತರಬೇತಿಯ ಪ್ರಮುಖ ಕೇಂದ್ರ ಬೆಂಗಳೂರು. ಎಂಬಸಿ ಅಂತರರಾಷ್ಟ್ರೀಯ ಸವಾರಿ ಶಾಲೆ ಅಲ್ಲಿ 1996ರಲ್ಲಿ ಆರಂಭವಾಯಿತು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸಿನಲ್ಲಿ 23ನೇ ಸ್ಥಾನ ಪಡೆದ ಫವಾದ್ ಮಿರ್ಜಾ ಬೆಂಗಳೂರಿನವರು. ಮೈಸೂರಿನಲ್ಲಿ ರಾಜ್ಯ ಪೊಲೀಸ್ ಅಶ್ವಾರೋಹಿ ದಳವಿದೆ.

ಸದ್ಯದ ಸ್ಥಿತಿ

2019ರ 20ನೇ ಜಾನುವಾರು ಗಣತಿಯ ಪ್ರಕಾರ ಭಾರತದಲ್ಲಿ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 3.4 ಲಕ್ಷ. 2012ರ ಗಣತಿಗೆ ಹೋಲಿಸಿದರೆ ಇದು ಶೇ 45.6ರಷ್ಟು ಇಳಿಕೆ. ಟಾಂಗಾ ಮತ್ತು ಹೇರಿನ ಕೆಲಸವನ್ನು ಮೋಟಾರು ವಾಹನಗಳು ವಹಿಸಿಕೊಂಡದ್ದು ಇದಕ್ಕೆ ಮುಖ್ಯ ಕಾರಣ. ನಿಪ್ಪಾಣಿ ಸುತ್ತಲಿನ ತಾಲ್ಲೂಕುಗಳಲ್ಲಿ ಕುದುರೆ ಈಗ ಮದುವೆಯ ಮೆರವಣಿಗೆ, ಜಾತ್ರೆ, ಶರ್ಯತ್ತು ಮತ್ತು ಹವ್ಯಾಸದ ಸಾಕಣೆಯಲ್ಲಿ ಉಳಿದಿದೆ.

ಸವಾರಿ ಶಾಲೆ ತೆರೆಯುವವರಿಗೆ ಜಮೀನಿನ ಅನುಮತಿ ಕಂದಾಯ ಇಲಾಖೆಯಿಂದ, ಉದ್ದಿಮೆಯದು ಸ್ಥಳೀಯ ಸಂಸ್ಥೆಯಿಂದ, ಆರೋಗ್ಯ ಪ್ರಮಾಣಪತ್ರ ಪಶುವೈದ್ಯರಿಂದ ದೊರೆಯುತ್ತದೆ. ತರಬೇತುದಾರನ ಅರ್ಹತೆ, ಸವಾರಿಗೆ ಬಳಸುವ ಕುದುರೆಯ ಕನಿಷ್ಠ ವಯಸ್ಸು, ಪಾಠದ ಗಂಟೆಗಳ ಮಿತಿ, ಕಡ್ಡಾಯ ವಿಮೆ ಇವನ್ನು ಶಾಲೆಗೆಂದೇ ಗೊತ್ತುಪಡಿಸುವ ಪ್ರತ್ಯೇಕ ಕಾಯ್ದೆ ಇಲ್ಲ. ಈ ಅಂಶಗಳು ಕ್ರೀಡಾ ಒಕ್ಕೂಟದ ನಿಯಮ, ವಿಮಾ ಕಂಪನಿಯ ಷರತ್ತು ಮತ್ತು 1960ರ ಕಾಯ್ದೆಯ ಸಾಮಾನ್ಯ ಕರ್ತವ್ಯಗಳ ಮೂಲಕ ಮಾತ್ರ ನಿರ್ಧಾರವಾಗುತ್ತವೆ.